ಅರ್ಧ ಇಂಚಿನ ಹಾಫ್ ಪೈಪ್

ನಮ್ಮ ಗೋಡೌನಿನಲ್ಲಿ ಹಾಫ್ ಪೈಪ್ ಎಂದರೆ ಅರ್ಧ ಇಂಚಿನ ಪೈಪು. ದುಬೈಯ ಅಲ್ ಕುಸೈಸ್‌ನಲ್ಲಿ ಹನ್ನೊಂದು ವರ್ಷ ಸ್ಟೋರ್‌ಕೀಪರ್ ಆಗಿದ್ದ ನನಗೆ ಅದಕ್ಕೆ ಬೇರೆ ಅರ್ಥ ಉಂಟೆಂದು ಯಾರು ಹೇಳಬೇಕು? ಎಂಟನೇ ಕ್ಲಾಸಿನ ಮಗಳು "ಅಪ್ಪ, ಐ ವಾಂಟ್ ಹಾಫ್‌ಪೈಪ್" ಎಂದಾಗ, ಶಾಲೆಯ ಪ್ರಾಜೆಕ್ಟಿಗೆ ಇರಬೇಕು ಎಂದು ಮರುದಿನವೇ ಒಂದು ಮೀಟರ್ ತುಂಡು ಮಾಡಿಸಿ ತಂದುಕೊಟ್ಟೆ. ಅವಳು ನಕ್ಕು ನಕ್ಕು ಸುಸ್ತಾಗಿ ಮೊಬೈಲ್ ತೋರಿಸಿದಳು. ಪೈಪನ್ನು ಉದ್ದಕ್ಕೆ ಸೀಳಿ ಮಲಗಿಸಿದ ಹಾಗೆ ಹಿಮದ ದೊಡ್ಡ ತೋಡು. ಹಲಗೆಗೆ ಕಾಲು ಕಟ್ಟಿಕೊಂಡ ಒಬ್ಬಳು ಅದರ ಗೋಡೆಯಿಂದ ಮೇಲಕ್ಕೆ ಹಾರಿ, ಗಾಳಿಯಲ್ಲಿ ಮೂರು ಸುತ್ತು ತಿರುಗಿ ಇಳಿಯುತ್ತಿದ್ದಳು. ಒಲಿಂಪಿಕ್ಸ್ ಚಿನ್ನ ಗೆದ್ದವಳಂತೆ. ಕಾಲು ಮುರಿದು, ಎದ್ದು ಬಂದು, ಮತ್ತೆ ಗೆದ್ದವಳಂತೆ.

"ಮಂಡೆ ಸರಿ ಉಂಟಾ ಇವಳಿಗೆ?" ಎಂದೆ ನಾನು.

ಆಮೇಲೆ ಪ್ರತಿ ಶುಕ್ರವಾರ ಬರ್ಷಾದ ಮಾಲ್‌ನೊಳಗಿನ ಕೃತಕ ಹಿಮದ ಗುಡ್ಡ. ಅಲ್ಲಿ ಹಾಫ್‌ಪೈಪ್ ಇರಲಿಲ್ಲ, ಸಣ್ಣದೊಂದು ದಿಬ್ಬ ಇತ್ತು, ಅಷ್ಟೇ. ಮಗಳು ಅದರ ಮೇಲಿಂದಲೇ ಹಾರುತ್ತಿದ್ದಳು. ನಾನು ಗಾಜಿನ ಈಚೆ ಅರ್ಧ ತೋಳಿನ ಅಂಗಿಯಲ್ಲಿ ಚಹಾ ಕುಡಿಯುತ್ತಾ ಕೂತಿರುತ್ತಿದ್ದೆ. "ನನ್ನನ್ನು ನಿಜವಾದ ಬೆಟ್ಟಕ್ಕೆ ಕರೆದುಕೊಂಡು ಹೋಗ್ತೀರಾ?" ಎಂದು ಕೇಳಿದಾಗಲೆಲ್ಲ "ಇನ್ಶಾ ಅಲ್ಲಾ" ಎನ್ನುತ್ತಿದ್ದೆ. ಸೈಕಲ್ ಬೇಕೆಂದಾಗಲೂ ಅದನ್ನೇ ಹೇಳಿದ್ದೆ, ಬೆಕ್ಕಿನ ಮರಿ ಬೇಕೆಂದಾಗಲೂ. ದೇವರು ಬಯಸಿದರೆ ಎಂಬ ದೊಡ್ಡ ಮಾತು ಅದು. ನನ್ನ ಬಾಯಲ್ಲಿ ಮಾತ್ರ 'ಆಗುವುದಿಲ್ಲ' ಎನ್ನಲು ಧೈರ್ಯವಿಲ್ಲದವನ ಮಾತಾಗಿ ಹೋಗಿತ್ತು.

ಒಂದು ಶುಕ್ರವಾರ ಆ ಚಾಂಪಿಯನ್ನೇ ಮಾಲ್‌ಗೆ ಬಂದಳು, ಯಾವುದೋ ಗಡಿಯಾರದ ಜಾಹೀರಾತಿಗೆ. ಮಕ್ಕಳನ್ನೆಲ್ಲ ಒಂದೊಂದು ಸಲ ಜಾರಲು ಬಿಟ್ಟು ನೋಡಿದಳು. ನನ್ನ ಮಗಳನ್ನು ಮಾತ್ರ ಮೂರು ಸಲ. ಆಮೇಲೆ ಹೊರಗೆ ಬಂದು ನನ್ನ ಹತ್ತಿರವೇ ಇಂಗ್ಲಿಷಿನಲ್ಲಿ ಹೇಳಿದಳು: "ಇವಳಲ್ಲಿ ಏನೋ ಉಂಟು. ಈ ಚಳಿಗಾಲ ಬೆಟ್ಟಕ್ಕೆ ಕಳಿಸಿ, ನನ್ನ ಕೋಚ್‌ಗೆ ನಾನೇ ಹೇಳುತ್ತೇನೆ. ಇನ್ನೂ ತಡವಾದರೆ ಕಷ್ಟ."

ಅದೇ ವಾರ ನಾನು ಕ್ಯಾನ್ಸಲ್ ಆಗಿದ್ದೆ. ಅಂದರೆ ವೀಸಾ ರದ್ದು, ತಿಂಗಳೊಳಗೆ ಸಂಸಾರ ಸಮೇತ ಮಂಗಳೂರಿಗೆ. ಹೆಂಡತಿಗೆ ಹೇಳಿದ್ದೆ, ಮಗಳಿಗೆ ಹೇಳಿರಲಿಲ್ಲ.

"ಅಪ್ಪ, ಯೆಸ್ ಹೇಳಿ" ಎಂದು ಮಗಳು ನನ್ನ ಅಂಗಿ ಹಿಡಿದಳು. ಗೋಡೌನಿನಲ್ಲಿ ಐದು ಭಾಷೆಯಲ್ಲಿ ಜಗಳ ಆಡುವವನು ನಾನು. ಆವತ್ತು ಬಾಯಿಗೆ ಬಂದದ್ದು ಒಂದೇ.

"ಇನ್ಶಾ ಅಲ್ಲಾ."

ಚಾಂಪಿಯನ್ ಖುಷಿಯಿಂದ ನನ್ನ ಕೈ ಕುಲುಕಿದಳು. ಮಗಳು ಅಂಗಿ ಬಿಟ್ಟು, ಬಾಡಿಗೆಯ ಹಲಗೆಯನ್ನು ವಾಪಸ್ ಕೊಡಲು ಕೌಂಟರಿಗೆ ಹೋದಳು.

ನಾವು ಮಂಗಳೂರಿಗೆ ಬಂದು, ಆ ಹೆಂಗಸು ಸ್ಪರ್ಧೆ ಬಿಟ್ಟು ಎಷ್ಟೋ ಕಾಲವಾಯಿತು, ಈಗಲೂ ಟಿವಿಯಲ್ಲಿ ಬರುತ್ತಾಳೆ. ಮೊನ್ನೆ ಬಂದಾಗ ನಾನೇ ಮಗಳ ಹತ್ತಿರ, "ರಜೆ ಹಾಕು, ಒಮ್ಮೆ ಮನಾಲಿಗಾದರೂ ಹೋಗಿ ಹಿಮ ನೋಡಿ ಬರುವ" ಎಂದೆ. ಅವಳು ಬ್ಯಾಂಕಿಗೆ ಹೊರಟಿದ್ದಳು. ಚಪ್ಪಲಿ ಮೆಟ್ಟುತ್ತಾ, ಸಿಟ್ಟಿಲ್ಲದೆ ಹೇಳಿದಳು.

"ಇನ್ಶಾ ಅಲ್ಲಾ, ಅಪ್ಪ."