ದಿನಕ್ಕೊಂದೇ ಗೆರೆ

ಮೊನ್ನೆ ಬೆಳಿಗ್ಗೆ ಕಾರು ಚಾಲೂ ಮಾಡಿದಾಗ ಪೋರ್ಚಿನ ತುಂಬ ಹಸಿ ಪೆಟ್ರೋಲಿನ ವಾಸನೆ ಎದ್ದಿತು. ಪಕ್ಕದ ಮನೆಯ ಸೊಸೆ ಒಣಹಾಕಿದ್ದ ಬಟ್ಟೆಗಳನ್ನು ಸರಸರನೆ ಒಳಗೆ ಒಯ್ದಳು. ನನಗೆ ಈ ವಾಸನೆ ಹೊಸದಲ್ಲ. ಹನ್ನೊಂದು ವರ್ಷದಿಂದ ಚಳಿಗಾಲದ ಬೆಳಗಿನಲ್ಲಿ ಒಂದೆರಡು ನಿಮಿಷ ಬರುತ್ತದೆ, ಹೋಗುತ್ತದೆ. ಈ ಸಲ ಮಾತ್ರ ಮೂಗಿನಲ್ಲೇ ಕೂತುಬಿಟ್ಟಿತು. ಅದರ ಹಿಂದೆಯೇ ಗಾಡಿ ರಿಪೇರಿಯ ಮಿಸ್ತ್ರಿಯ ನೆನಪೂ ಬಂತು. ಬದುಕಿದ್ದಾಗಲೂ ಆತ ಹೀಗೆಯೇ ಬೆಳ್ಳಂಬೆಳಿಗ್ಗೆ ಬಾನೆಟ್ಟಿನ ಮುಂದೆ ಬಂದು ನಿಂತು ನನ್ನ ತಲೆ ತಿನ್ನುತ್ತಿದ್ದ.

ಕಾರು ನನ್ನ ಅಪ್ಪನದು. ಕುರನೂರಿನ ಹೊಲವನ್ನೆಲ್ಲ ಅಣ್ಣಂದಿರಿಗೆ ಹಂಚಿದ ಅಪ್ಪ, ಬಿಳಿ ಅಂಬಾಸಿಡರನ್ನು ಮಾತ್ರ ನನ್ನ ಹೆಸರಿಗೆ ಮಾಡಿಸಿದ್ದ. "ಇವರ ಕೈಯಾಗ ಕೊಟ್ರ ಕಬ್ಬ ಹೇರತಾರ. ನೀ ಜೋಪಾನ ಮಾಡತಿ" ಎಂದಿದ್ದ. ಆಗ ನಾನು ಅಕ್ಕಲಕೋಟದ ಒಂದು ಕನ್ನಡ ಶಾಲೆಯಲ್ಲಿ ಶಿಕ್ಷಕಿ; ಎಲ್ಲರೂ ನನ್ನನ್ನು ಬಾಯಾರು ಎನ್ನುತ್ತಿದ್ದರು. ಮನೆ ಇಲ್ಲಿಯೇ, ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ. ಬೆಳಗಿನ ಪಾಳಿಯ ಶಾಲೆ. ಆರೂವರೆಗೆ ಮನೆ ಬಿಟ್ಟರೆ ಪ್ರಾರ್ಥನೆಗೆ ಮುಟ್ಟುತ್ತಿದ್ದೆ.

ಹಳೆಯ ಗಾಡಿಗಳಲ್ಲಿ ಚೋಕಿನ ಗುಂಡಿ ಇರುತ್ತಿತ್ತು. ಎಂಜಿನ್ ತಣ್ಣಗಿದ್ದಾಗ ಹೆಚ್ಚು ಪೆಟ್ರೋಲು ಹೋಗಲೆಂದು ಅದನ್ನು ಎಳೆದು ಚಾಲೂ ಮಾಡಬೇಕು, ಬಿಸಿಯಾದ ಮೇಲೆ ಒಳಗೆ ತಳ್ಳಬೇಕು. ಎಳೆಯುವುದನ್ನು ನಾನೆಂದೂ ಮರೆಯಲಿಲ್ಲ, ತಳ್ಳುವುದು ನನಗೆಂದೂ ನೆನಪಾಗಲಿಲ್ಲ. ವಳಸಂಗ ದಾಟುವುದರೊಳಗೆ ಪ್ಲಗ್ಗುಗಳಿಗೆ ಮಸಿ ಹಿಡಿದು ಗಾಡಿ ರಸ್ತೆಯ ಬದಿಗೆ ನಿಲ್ಲುತ್ತಿತ್ತು. ಒಂದೇ ಚಳಿಗಾಲದಲ್ಲಿ ಆರು ಸಲ ತಡವಾಯಿತು. ಹೆಡ್‌ಮಾಸ್ತರರು ಮೇಲಿನವರಿಗೆ ಬರೆಯುತ್ತೇನೆಂದು ಎಚ್ಚರಿಸಿದರು. ನಮ್ಮ ಮನೆಯವರಂತೂ, "ಸಂಕ್ರಾಂತಿತನಕ ನೋಡತೀನಿ. ಸುದ್ದ ಆಗಲಿಲ್ಲಂದ್ರ ಮಾರಿಬಿಡೂದು. ನೀ ಎಸ್‌ಟಿ ಬಸ್ಸಿಗೆ ಹೋಗು" ಎಂದು ಹೇಳಿಯೇಬಿಟ್ಟರು. ಅಪ್ಪ ತೀರಿ ಇನ್ನೂ ವರ್ಷ ತುಂಬಿರಲಿಲ್ಲ. ಕಾರು ಮಾರುವ ಮಾತು ಕೇಳಿ ನನಗೆ ಅನ್ನ ಸೇರಲಿಲ್ಲ.

ಅದಕ್ಕೇ ಕರೆಂಟಿನ ಚೋಕ್ ಇದ್ದ ಕಾರ್ಬೊರೇಟರನ್ನು ಪುಣೆಯಿಂದ ತರಿಸಿದೆ. ಅದರ ಬದಿಗೆ ಮುಚ್ಚಳದಂಥ ಒಂದು ಕರಿ ಡಬ್ಬಿ. ಡಬ್ಬಿಯೊಳಗೊಂದು ಸುರುಳಿ; ಕೀಲಿ ತಿರುವಿದ ಮೇಲೆ ಕರೆಂಟಿಗೆ ಬಿಸಿಯಾಗಿ ಚೋಕನ್ನು ತಾನೇ ತೆರೆಯುತ್ತದೆ. ನೆನಪಿಡುವ ಗೋಜೇ ಇಲ್ಲ. ಅಪ್ಪನ ಕಾಲದಿಂದ ಗಾಡಿ ನೋಡುತ್ತಿದ್ದ ಮಿಸ್ತ್ರಿಯನ್ನು ಕರೆಸಿದೆ. ಆತ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಬಾಯಾರ, ಸೊಲ್ಲಾಪುರದ ಬಿಸಲಾಗ ಇದು ಯಾಕ ಬೇಕ್ರಿ? ವರ್ಷದಾಗ ಎರಡ ತಿಂಗಳ ಥಂಡಿ" ಎಂದ.

"ಆ ಎರಡ ತಿಂಗಳದಾಗ ನನ್ನ ನೌಕರಿ ಹೋಗತೈತ್ರಿ" ಎಂದೆ.

ಕೂಡಿಸಲು ಒಂದು ಮಧ್ಯಾಹ್ನ ಸಾಕಾಯಿತು. ಮರುದಿನ ಬ್ಯಾಟರಿ ಸತ್ತಿತ್ತು. ಕೀಲಿ ತೆಗೆದರೂ ಕರೆಂಟು ಹರಿಯುವ ಜಾಗಕ್ಕೆ ವಾಯರ್ ಜೋಡಿಸಿದ್ದ ಮಹಾರಾಯ. ನಾಚಿಕೆಯಿಲ್ಲದೆ ನಕ್ಕು, ಅದನ್ನು ಸರಿಮಾಡಿಕೊಟ್ಟ. ನಿಜವಾದ ಪೀಡೆ ಶುರುವಾದದ್ದು ಆಮೇಲೆ.

ಡಬ್ಬಿಯ ಅಂಚಿಗೆ ಸಣ್ಣ ಸಣ್ಣ ಗೆರೆಗಳಿದ್ದವು; ಚೋಕ್ ಎಷ್ಟು ಬೇಗ ತೆರೆಯಬೇಕೆಂಬುದು ಅವುಗಳ ಮೇಲೆ. ಮೂರು ಸ್ಕ್ರೂ ಸಡಿಲು ಮಾಡಿ ಡಬ್ಬಿಯನ್ನು ತಿರುಗಿಸಿ, ನಮ್ಮ ಊರಿನ ಹವೆಗೆ ಯಾವ ಗೆರೆ ಒಪ್ಪುತ್ತದೆಂದು ನೋಡಬೇಕು. ಗಾಡಿ ಪೂರ್ತಿ ತಣ್ಣಗಿದ್ದಾಗಷ್ಟೇ ಅದು ಗೊತ್ತಾಗುವುದು. ಒಮ್ಮೆ ಚಾಲೂ ಮಾಡಿದರೆ ಮುಗಿಯಿತು, ಮತ್ತೆ ಮರುದಿನ ಬೆಳಿಗ್ಗೆಯೇ. ಮಿಸ್ತ್ರಿ ಆರು ಗಂಟೆಗೆ ಸೈಕಲ್ ತುಳಿದುಕೊಂಡು ಬರುತ್ತಿದ್ದ, ಚಹಾ ಕುಡಿಯುತ್ತಿದ್ದ, ಗಾಡಿ ಚಾಲೂ ಮಾಡಿಸುತ್ತಿದ್ದ. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಕೆಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚಿ ಕೇಳುತ್ತಿದ್ದ. ಸೈಲೆನ್ಸರಿನ ಹೊಗೆಗೆ ಅಂಗೈ ಹಿಡಿದು ಮೂಸುತ್ತಿದ್ದ. ಒಂದು ಗೆರೆ ತಿರುವಿ, "ನಾಳಿ ನೋಡೂಣ್ರಿ" ಎಂದು ಹೋಗುತ್ತಿದ್ದ.

ನಾಲ್ಕು ದಿನ ಹೀಗೇ ಹೋಯಿತು. ಐದನೆಯ ದಿನ, "ಒಮ್ಮಿಗೇ ಮೂರ ಗೆರಿ ತಿರವರಿ" ಎಂದೆ.

"ಗಡಿಬಿಡಿ ಮಾಡಬ್ಯಾಡ್ರಿ ಬಾಯಾರ. ಮೂರ ತಿರವಿದ್ರ ಯಾವ ಗೆರಿಗಿ ಸುದ್ದ ಆತು ಅಂತ ತಿಳಿಯೂದಿಲ್ಲ. ದಿನಕ್ಕೊಂದ ಗೆರಿ."

ಅಮಾಸಿಯ ದಿನ ಆತ ಗಾಡಿ ಮುಟ್ಟುತ್ತಿರಲಿಲ್ಲ. ಅವತ್ತು ಒಂದು ನಿಂಬೆಹಣ್ಣು ಹಿಡಿದು ಬಂದು, ಬಂಪರಿಗೆ ಕಟ್ಟಿ, ಚಹಾ ಮಾತ್ರ ಕುಡಿದು ಹೋದ. ಸಂಕ್ರಾಂತಿ ನಾಲ್ಕೇ ದಿನ ಉಳಿದಿತ್ತು, ನಮ್ಮ ಮನೆಯವರು ಗಿರಾಕಿಯನ್ನೂ ಕೇಳಿಟ್ಟಿದ್ದರು. ನಾನು ಶಾಲೆಯಲ್ಲಿ ಮಕ್ಕಳಿಗೆ "ತಾಳಿದವನು ಬಾಳಿಯಾನು" ಎಂದು ಹಲಗೆಯ ಮೇಲೆ ಬರೆಯುತ್ತಿದ್ದೆ, ಮನೆಯಲ್ಲಿ ಮಿಸ್ತ್ರಿಯ ಸೈಕಲ್ಲಿನ ಸಪ್ಪಳ ಕೇಳಿದರೆ ಹಲ್ಲು ಕಡಿಯುತ್ತಿದ್ದೆ.

ಅಮಾಸಿಯ ಮರುದಿನ ಶಾಲೆಯ ತಪಾಸಣೆಗೆ ಸಾಹೇಬರು ಬರುವವರಿದ್ದರು. ಆರೂವರೆಯಾದರೂ ಮಿಸ್ತ್ರಿ ಬಾನೆಟ್ಟು ಮುಚ್ಚಲಿಲ್ಲ. ಸ್ಕ್ರೂ ಡ್ರೈವರ್ ಕಿವಿಗಿಟ್ಟುಕೊಂಡು, "ತಡೀರಿ, ತಡೀರಿ" ಎನ್ನುತ್ತಲೇ ಇದ್ದ. ನನ್ನ ನಾಲಿಗೆ ಜಾರಿತು. ಜಾರಿತು ಅನ್ನುವುದೂ ಸುಳ್ಳು, ನಾನೇ ಬಿಟ್ಟೆ.

"ನಿಮಗ ಮುಂಜಾನಿ ಚಹಾಕ್ಕೊಂದು ಮನಿ ಬೇಕಾಗೇತಿ, ಅದಕ್ಕ ದಿನಾ ಬರತೀರಿ. ನಾಳಿಂದ ಬರಬ್ಯಾಡ್ರಿ."

ಆತ ಸ್ಕ್ರೂ ಡ್ರೈವರನ್ನು ಕಿವಿಯಿಂದ ತೆಗೆದ. ಕೈಯಲ್ಲಿದ್ದ ಅರ್ಧ ಲೋಟ ಚಹಾವನ್ನು ಕಟ್ಟೆಯ ಮೇಲಿಟ್ಟ. ಅವತ್ತಿನ ಗೆರೆಯನ್ನು ತಿರುವದೆ ಸ್ಕ್ರೂಗಳನ್ನು ಬಿಗಿ ಮಾಡಿ ಬಾನೆಟ್ಟು ಮುಚ್ಚಿದ. "ಒಂದ ಗೆರಿ ಉಳದೈತ್ರಿ, ಬಾಯಾರ" ಎಂದ, ಸೈಕಲ್ ಹತ್ತಿದ.

ಅವತ್ತು ಶಾಲೆಗೆ ಹೊತ್ತಿಗೆ ಸರಿಯಾಗಿಯೇ ಮುಟ್ಟಿದೆ. ಮರುದಿನವೂ, ಅದರ ಮರುದಿನವೂ. ಗಾಡಿ ಮಾರುವ ಮಾತು ಅಲ್ಲಿಗೇ ನಿಂತಿತು. ಮುಂಜಾನೆ ಚಾಲೂ ಮಾಡಿದಾಗ ಒಂದೆರಡು ನಿಮಿಷ ಎಂಜಿನ್ ನಡುಗುತ್ತಿತ್ತು, ವಾಸನೆ ಬರುತ್ತಿತ್ತು, ಅಷ್ಟೇ. "ಏನ ಇದು ವಾಸನಿ?" ಎಂದು ನಮ್ಮ ಮನೆಯವರು ಕೇಳಿದರೆ, "ಹಳೀ ಗಾಡಿ, ಇಷ್ಟಿರೂದ" ಎನ್ನುತ್ತಿದ್ದೆ. ಸರಿಯಿಲ್ಲ ಅಂದರೆ ಮಿಸ್ತ್ರಿಯ ಮಾತು ಖರೆ ಎಂದು ಒಪ್ಪಿಕೊಂಡಂತೆ. ಬೇರೆ ಮೆಕ್ಯಾನಿಕ್ಕರಿಗೂ ಆ ಡಬ್ಬಿ ಮುಟ್ಟಗೊಡಲಿಲ್ಲ. ಆತನ ಶೆಡ್ಡಿನ ಮುಂದೆ ಹಾಯುವಾಗ ಎಷ್ಟೋ ಸಲ ಗಾಡಿ ನಿಧಾನ ಮಾಡಿದ್ದೇನೆ. ಆತ ತಲೆ ಎತ್ತಿ ನೋಡುತ್ತಿದ್ದ, ಎಂಜಿನ್ನಿನ ಸಪ್ಪಳ ಕೇಳುತ್ತಿದ್ದನೋ ಏನೋ... ನಾನು ನಿಲ್ಲಿಸಲಿಲ್ಲ. ಇಂದಲ್ಲ ನಾಳೆ ಕರೆದರಾಯಿತು ಅಂದುಕೊಂಡೆ. ಒಂದು ದಿನ ಶೆಡ್ಡಿಗೆ ಬೀಗ ಕಂಡಿತು. ಆತ ತೀರಿ ತಿಂಗಳಾಯಿತೆಂದು ಪಕ್ಕದ ಪಂಕ್ಚರ್ ಅಂಗಡಿಯವನು ಹೇಳಿದ. ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ.

ಮೊನ್ನೆ ಆ ವಾಸನೆ ಮೂಗು ಬಿಡಲೊಲ್ಲದಾಗ, ಶಾಲೆಯಿಂದ ನಿವೃತ್ತಳಾಗಿ ಮನೆಯಲ್ಲಿ ಕೂತ ನನಗೆ ಸಿಟ್ಟೇ ಬಂತು. ಆತನ ಮೇಲೋ, ಕಾರಿನ ಮೇಲೋ, ನನಗೇ ತಿಳಿಯಲಿಲ್ಲ. ಸಂಜೆ ಬಾನೆಟ್ಟು ಎತ್ತಿ, ಚಾಳೀಸು ಮೂಗಿಗೆ ಏರಿಸಿಕೊಂಡು, ಮೂರು ಸ್ಕ್ರೂ ಸಡಿಲು ಮಾಡಿ, ಆತ ತಿರುವುತ್ತಿದ್ದ ದಿಕ್ಕಿಗೇ ಒಂದು ಗೆರೆ ತಿರುವಿದೆ. ಎರಡನೆಯದಕ್ಕೆ ಕೈ ಹೋಗಿತ್ತು, ಹಿಂದೆ ತೆಗೆದೆ.

ನಿನ್ನೆ ಬೆಳಿಗ್ಗೆ ಆರಕ್ಕೆ ಚಾಲೂ ಮಾಡಿದೆ. ಗಾಡಿ ನಡುಗಲಿಲ್ಲ. ವಾಸನೆ ಬರಲಿಲ್ಲ. ಅಪ್ಪ ಹೊಸದಾಗಿ ಮನೆಗೆ ತಂದಾಗ ಹೇಗಿತ್ತೋ ಹಾಗೆ, ಸಣ್ಣ ದನಿಯಲ್ಲಿ ತನ್ನ ಪಾಡಿಗೆ ನಡೆಯುತ್ತಿತ್ತು. ಆತ ಹೇಳಿದ್ದು ಖರೆ ಇತ್ತು, ಒಂದೇ ಗೆರೆ ಉಳಿದಿತ್ತು. ಆ ಮನುಷ್ಯ ಚಹಾಕ್ಕೆ ಬರುತ್ತಿರಲಿಲ್ಲ. ಆತನಿಗೆ ಬೇಕಾಗಿದ್ದದ್ದು ಇನ್ನೊಂದೇ ಒಂದು ಬೆಳಗು, ಅದನ್ನು ನಾನು ಕೊಡಲಿಲ್ಲ.