ಗಿರಣಿಯ ಮೇಲಿನ ಮನೆ

ಆಸ್ಪತ್ರೆಯಲ್ಲಿ ಅವಳಿಗೆ ಎಲ್ಲರೂ ಇಟ್ಟ ಹೆಸರು ರಾತ್ರಿಯಕ್ಕ. ಯಾವಾಗಲೂ ರಾತ್ರಿ ಪಾಳಿಯ ಆಯಾ. ಊರೆಲ್ಲ ಹಲ್ಲುಜ್ಜುವ ಹೊತ್ತಿಗೆ ಇವಳಿಗೆ ಹಾಸಿಗೆ ಬೇಕು. ಇದ್ದದ್ದು ತಂಗಿಯ ಮನೆಯಲ್ಲಿ. ತಂಗಿಯೋ ಬಂಗಾರದಂಥವಳು, "ದೊಡ್ಡಮ್ಮ ಮಲಗಿದಾಳೆ, ಶ್!" ಎಂದು ಮಕ್ಕಳಿಗೆ ಪಿಸುಗುಟ್ಟುತ್ತಿದ್ದಳು. ಆ ಪಿಸುಮಾತಿಗೇ ಇವಳಿಗೆ ಎಚ್ಚರ! ರಾತ್ರಿಯೆಲ್ಲ ರೋಗಿಯ ಸಣ್ಣ ನರಳಾಟಕ್ಕೂ ಕಿವಿ ನಿಮಿರಿಸಿಕೊಂಡು ಕೂತವಳಿಗೆ ಹಗಲಲ್ಲಿ ಕಿವಿ ಮುಚ್ಚು ಎಂದರೆ ಮುಚ್ಚೀತೇ? ಒಂದು ರಾತ್ರಿ ರೋಗಿಯ ಪಕ್ಕದಲ್ಲೇ ತೂಕಡಿಸಿ ಸಿಕ್ಕಿಬಿದ್ದಳು. ಇನ್ನೊಂದು ಸಲ ಹೀಗಾದರೆ ಕೆಲಸ ಹೋದ ಹಾಗೇ ಎಂದು ಮೇಲಿನವರು ಖಡಾಖಂಡಿತವಾಗಿ ಹೇಳಿದರು.

ಸರಿ, ನಿದ್ದೆ ಬರುವ ಬಾಡಿಗೆ ಮನೆ ಹುಡುಕಲು ಹೊರಟಳು, ಕಂಕುಳಲ್ಲಿ ಚಾಪೆ ಇಟ್ಟುಕೊಂಡು. ಬ್ರೋಕರ್ ಕಿಟಕಿ, ನಲ್ಲಿ ಎಂದು ಹಾಡಿ ಹೊಗಳುತ್ತಿದ್ದರೆ ಇವಳು ಚಾಪೆ ಬಿಡಿಸಿ ಉದ್ದಕ್ಕೆ ಮಲಗಿಬಿಡುತ್ತಿದ್ದಳು. ಮನೆ ಮಾಲೀಕರೆದುರು ಅವನ ಮಾನ ಮೂರು ಕಾಸಿಗೆ ಹರಾಜಾಯಿತು, ಪಾಪ. ಇವಳೇನೂ ನಾಚಲಿಲ್ಲ. ಚಪ್ಪಲಿ ಕೊಳ್ಳುವಾಗ ಕಾಲಿಟ್ಟು ನೋಡುವುದಿಲ್ಲವೇ ಎಂದು ಅವನನ್ನೇ ಕೇಳಿದಳು. ಆದರೆ ಸದ್ದಿಲ್ಲದ ಮನೆಗಳ ಬಾಡಿಗೆ ಕೈಗೆಟುಕಲಿಲ್ಲ. ಎಟುಕಿದ ಒಂದೆರಡರಲ್ಲಿ ಪಕ್ಕದ ಮನೆಯವಳ ಕೈಬಳೆಯೂ ನಿದ್ದೆ ಕೆಡಿಸಿತು.

ಕೊನೆಗೆ ರೋಸಿಹೋದ ಬ್ರೋಕರ್ ಒಂದು ಬೆಳಗ್ಗೆ, ಪಾಳಿ ಮುಗಿಸಿ ಬಂದವಳನ್ನು ಹಿಟ್ಟಿನ ಗಿರಣಿಯ ಮೇಲಿನ ಮನೆಗೆ ಕರೆದೊಯ್ದ. ಬಾಡಿಗೆ ಅರ್ಧಕ್ಕರ್ಧ ಕಮ್ಮಿ. ಕಾರಣ ಮೆಟ್ಟಿಲಲ್ಲೇ ಕೇಳುತ್ತಿತ್ತು, ಗಡಗಡ ಗಡಗಡ! ಗಿರಣಿಯೂ ಮನೆಯೂ ಒಬ್ಬ ಅಜ್ಜಿಯವು. ಬಂದವರೆಲ್ಲ ತಿಂಗಳೊಳಗೆ ಗಂಟುಮೂಟೆ ಕಟ್ಟಿದ್ದಾರೆ, ಆಮೇಲೆ ನನ್ನನ್ನು ಬೈಯಬೇಡ ಎಂದು ಅಜ್ಜಿ ಮೊದಲೇ ಹೇಳಿಬಿಟ್ಟಳು.

ಇವಳು ಚಾಪೆ ಹಾಸಿ ತಲೆ ಇಟ್ಟದ್ದಷ್ಟೇ. ಆ ಗಡಗಡದಲ್ಲಿ ಪಿಸುಮಾತು, ಬಳೆ, ಕೆಮ್ಮು ಎಲ್ಲ ಹಿಟ್ಟಾಗಿ ಹೋದವು. ಬ್ರೋಕರ್ ಕೂಗಿದ, ಬಾಗಿಲು ಬಡಿದ. ಊಹೂಂ, ಕುಂಭಕರ್ಣನ ಅಕ್ಕ! ಮಲಗಲಿ ಬಿಡಪ್ಪ ಎಂದು ಅಜ್ಜಿ ಅವನನ್ನು ಸಾಗಹಾಕಿದಳು.

ಮಧ್ಯಾಹ್ನ ಕರೆಂಟು ಹೋಗಿ ಗಿರಣಿ ನಿಂತಿತು. ಇವಳು ದಡಕ್ಕನೆ ಎದ್ದು ಕೂತಳು. ಸದ್ದು ಕೇಳಿ ಅಜ್ಜಿ ಮೇಲೆ ಬಂದಳು. ಇವಳೂ ಹೊರಟಳು ಎಂಬ ಬೇಸರ ಅವಳ ಮುಖದಲ್ಲೇ ಇತ್ತು.

"ಏನಾಯ್ತು ಅಜ್ಜಿ? ಯಾಕೆ ನಿಲ್ಲಿಸಿದ್ರಿ?"

ಆ ಮನೆಗೆ ಬಂದವರಲ್ಲಿ ಹೀಗೆ ಕೇಳಿದವರು ಒಬ್ಬರೂ ಇರಲಿಲ್ಲ. ಅಜ್ಜಿ ಸೊಂಟದಿಂದ ಬೀಗದ ಕೈ ತೆಗೆದು ಚಾಪೆಯ ಮೇಲಿಟ್ಟಳು.

"ಕರೆಂಟು ಹೋಯ್ತು ಕಣಮ್ಮ. ಬಂದ ಕೂಡಲೇ ಶುರು ಮಾಡ್ತೀನಿ, ನೀನು ಮಲಕ್ಕೋ."