ಶಾಂತ ಮಾಡ್ಲೇನು ತಂಗಿ?

ಮೊನ್ನೆ ಯಾರದೋ ತೂಕದ ಯಂತ್ರದ ತಳ ಬಿಚ್ಚಿದಾಗ ಹುಳಿತ ಹಾಲಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಡೇರಿ ಅಕ್ಕ ನೆನಪಾದಳು. ಹರಪನಹಳ್ಳಿಯಿಂದ ಹಡಗಲಿ ಕಡೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಹೆಂಗಸರ ಹಾಲಿನ ಡೇರಿಗೆ ಆಗ ಆಕೆ ಸೆಕ್ರೆಟರಿ. ನಾನು ಡಿಪ್ಲೊಮಾ ಮುಗಿಸಿ, ಹರಪನಹಳ್ಳಿಯಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿ ಅಂಗಡಿ ಇಟ್ಟ ಹೊಸದು. ಹೆಣ್ಣುಮಗಳು ಸ್ಕ್ರೂ ಡ್ರೈವರ್ ಹಿಡಿದರೆ ಜನ ನಿಂತು ನೋಡುತ್ತಿದ್ದ ಕಾಲ ಅದು. ನೋಡಲಿ ಬಿಡು, ನನ್ನದೇನು ಹೋಯಿತು ಅಂದುಕೊಳ್ಳುತ್ತಿದ್ದೆ.

ಅಕ್ಕನ ತಲೆನೋವು ಬೇರೆಯೇ ಇತ್ತು. ಹಾಲಿನ ಫ್ಯಾಟ್ ತೋರಿಸುವ ಯಂತ್ರದ ಸಣ್ಣ ಕಿಟಕಿ ಆಕೆಯ ಕಡೆಗಷ್ಟೇ ಮುಖ ಮಾಡಿತ್ತು. ಆಕೆ ಓದಿ ಹೇಳಿದ್ದೇ ಅಂಕಿ, ಅದರ ಮೇಲೆಯೇ ಹಾಲಿನ ದರ. ಓಣಿಯ ಒಬ್ಬ ಗಟ್ಟಿ ಬಾಯಿಯ ಹೆಂಗಸು "ಸೆಕ್ರೆಟ್ರಿ ಫ್ಯಾಟ್ ನುಂಗ್ತಾಳ" ಎಂದು ಶುರು ಹಚ್ಚಿದ್ದು ಊರೆಲ್ಲ ಹಬ್ಬಿತ್ತು; ಯಾರು ಹಚ್ಚಿದ್ದೆಂದು ನನಗೆ ಹೇಳಿದ್ದು ಊರವರು, ಅಕ್ಕನಲ್ಲ. ಅಕ್ಕ ನನ್ನ ಅಂಗಡಿಗೆ ಬಂದು, ಹಾಲು ಹಾಕುವವರಿಗೇ ಕಾಣುವಂಥ ದೊಡ್ಡ ಕೆಂಪು ಅಂಕಿಗಳ ಬೋರ್ಡು ಮಾಡಿಕೊಡು ಎಂದಳು. ಊರಲ್ಲಿ ಆಗಲೇ ಮಾತು ಕೊಟ್ಟಾಗಿತ್ತು: "ಅಮಾಸಿ ಸಂಜಿಗೆ ಬರ್ರಿ, ನಿಮ್ಮ ಕಣ್ಣಿಲೇ ನೋಡ್ರಿ. ಬೋರ್ಡ್ ಇರಲಿಲ್ಲಾಂದ್ರ ಡೇರಿ ಕೀಲಿ ನಿಮ್ಮ ಕೈಯಾಗ ಇಟ್ಟು ಹೋಗ್ತೀನಿ."

ಬೋರ್ಡು ಮಾಡಿದೆ. ಅದಕ್ಕೊಂದು ಮೈಕ್ರೋಕಂಟ್ರೋಲರ್ ಚಿಪ್ಪು. ಯಂತ್ರ ಕಳಿಸುವ ಅಂಕಿ ಅದಕ್ಕೆ ತಿಳಿಯುವಂತೆ ಪ್ರೋಗ್ರಾಂ ತಿದ್ದಿ ತುಂಬುವ ಕೆಲಸ ಮಾತ್ರ ಅಲ್ಲೇ ಆಗಬೇಕಿತ್ತು. ಅಮಾವಾಸ್ಯೆಯ ಮಧ್ಯಾಹ್ನ ಆಟೋದಲ್ಲಿ ಕಂಪ್ಯೂಟರು ಹೇರಿಕೊಂಡು, ಆ ಟೀವಿಯಂಥ ಮಾನಿಟರನ್ನು ತೊಡೆಯ ಮೇಲೆ ಕೂಸಿನಂತೆ ಹಿಡಿದುಕೊಂಡು ಹೋದೆ.

ಪ್ರೋಗ್ರಾಂ ಚಿಪ್ಪಿಗೆ ಇಳಿಯುತ್ತಿತ್ತು. ಅಕ್ಕ ಪೂಜೆಯ ತಟ್ಟೆ ಹಿಡಿದು ಬಂದಳು. ಅಮಾವಾಸ್ಯೆಗೆ ಯಂತ್ರ, ಕ್ಯಾನು, ಕೊನೆಗೆ ಮೀಟರ್ ಬೋರ್ಡಿಗೂ ನೀರು ಚಿಮುಕಿಸಿ ವಿಭೂತಿ ಎಳೆಯುವುದು ಆಕೆಯ ಪದ್ಧತಿ.

"ಶಾಂತ ಮಾಡ್ಲೇನು ತಂಗಿ?" ಎಂದು ಬಾಗಿಲ ಹತ್ತಿರದಿಂದ ಕೇಳಿದಳು.

ಏನೋ ಪೂಜೆ, ಶಾಂತಿ ಇರಬೇಕು ಎಂದುಕೊಂಡೆ. "ಮಾಡ್ರಿ ಅಕ್ಕಾ, ಮಾಡ್ರಿ" ಎಂದೆ. ಖಟ್ ಅಂತ ಸದ್ದಾಯಿತು. ಮಾನಿಟರು ಕಪ್ಪಾಯಿತು.

"ಅಯ್ಯಯ್ಯೋ! ಮೇನ್ ಯಾಕ್ರೀ ತೆಗೆದ್ರಿ?"

"ನೀನೇ ಮಾಡ್ರಿ ಅಂದೆಲ್ಲ! ಹಸಿ ಕೈಯಿಲೆ ಮುಟ್ಟಿದ್ರ ಶಾಕ್ ಹೊಡಿಯಂಗಿಲ್ಲೇನು? ಅಮಾಸಿ ದಿನ ದೀಪ ಆರಿಸು ಅಂತ ಅಂತಾರೇನವಾ? ಶಾಂತ ಮಾಡೂದು ಅಂತಾರ."

ಕರೆಂಟ್ ಕೊಟ್ಟು ನೋಡಿದರೆ ಬೋರ್ಡಿನಲ್ಲಿ ಅಂಕಿಯಿಲ್ಲ. ಹಳೆಯ ಪ್ರೋಗ್ರಾಂ ಅಳಿಸಿಹೋಗಿದೆ, ಹೊಸದು ಅರ್ಧಕ್ಕೇ ನಿಂತಿದೆ. ಕಂಪ್ಯೂಟರು ಕರೆದರೆ ಉತ್ತರವಿಲ್ಲ.

"ಚಿಪ್ಪು ಸತ್ತು ಹೋತು ನೋಡ್ರಿ!" ಎಂದು ರೇಗಿದೆ.

"ಬಿಡ್ತು ಅನ್ನು!" ಎಂದಳು ಅಕ್ಕ. ಆಕೆಯ ಮುಖ ಸಣ್ಣದಾಗಿತ್ತು. ಇನ್ನೊಂದು ಚಿಪ್ಪು ಬೇಕೆಂದರೆ ದಾವಣಗೆರೆಗೇ ಹೋಗಬೇಕು. ಹಾಲು ಹಾಕುವ ಹೊತ್ತು ಹತ್ತಿರವಾಗಿತ್ತು. ಆಕೆ ಸೊಂಟದಿಂದ ಕೀಲಿ ತೆಗೆದು ಮೇಜಿನ ಮೇಲಿಟ್ಟು, ಕ್ಯಾನು ತೊಳೆಯತೊಡಗಿದಳು.

ಸ್ವಲ್ಪ ತಣ್ಣಗಾಗಿ ಯೋಚಿಸಿದೆ. ಕರೆಂಟ್ ಬಂದ ಕೂಡಲೇ ಚಿಪ್ಪು ಆ ಅರೆಬರೆ ಪ್ರೋಗ್ರಾಮನ್ನೇ ಓಡಿಸಲು ಹೋಗಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಅದರ ಒಂದು ಕಾಲನ್ನು ತಂತಿಯಿಂದ ಗ್ರೌಂಡಿಗೆ ಮುಟ್ಟಿಸಿಕೊಂಡೇ ಕರೆಂಟ್ ಕೊಟ್ಟರೆ ಏನನ್ನೂ ಓಡಿಸದೆ ಕಂಪ್ಯೂಟರಿನ ಮಾತಿಗೆ ಕಾಯುತ್ತದೆ. ಆದರೆ ಚಿಪ್ಪಿನ ಕಾಲು ಅಕ್ಕಿಕಾಳಿಗಿಂತ ಸಣ್ಣದು. ಬೋರ್ಡು ಹಿಡಿಯಲು ಒಂದು ಕೈ, ತಂತಿಗೆ ಒಂದು ಕೈ. ಸ್ವಿಚ್ಚಿಗೆ?

"ಅಕ್ಕಾ, ಬರ್ರಿಲ್ಲಿ. ಮೇನ್ ಮುಟ್ಟಬ್ಯಾಡ್ರಿ, ಬೋರ್ಡಿನ ಸ್ವಿಚ್ ಅಷ್ಟೇ. ನಾನು 'ಹಚ್ಚು' ಅಂದಾಗ ಹಚ್ಚಬೇಕು."

"ಹಚ್ಚೂದಾ? ಹಚ್ತೀನಿ ತಗಾ."

ಮೊದಲ ಸಲ ಆಕೆ ಅವಸರ ಮಾಡಿದಳು. ಆಮೇಲೆ ನನ್ನ ತಂತಿ ಜಾರಿತು. ಮತ್ತೆ ಹಿಡಿದು, ಉಸಿರು ಕಟ್ಟಿ "ಹಚ್ರಿ" ಎಂದೆ. ಕಂಪ್ಯೂಟರು ಕರೆಯಿತು, ಚಿಪ್ಪು ಓಗೊಟ್ಟಿತು. ಪೂರ್ತಿ ಅಳಿಸಿ, ವೇಗ ಇಳಿಸಿ, ಮೊದಲಿನಿಂದ ತುಂಬಿದೆ. ಅದು ಮುಗಿಯುವ ತನಕ ಅಕ್ಕ ಮೇನಿಗೆ ಬೆನ್ನು ಕೊಟ್ಟು ನಿಂತಿದ್ದಳು, ಯಾರನ್ನೂ ಹತ್ತಿರ ಬಿಡಲಿಲ್ಲ.

ಹೆಂಗಸರು ಬಂದರು. ಅಕ್ಕ ಎಲ್ಲರಿಗಿಂತ ಮೊದಲು ತನ್ನದೇ ಎಮ್ಮೆಯ ಹಾಲು ಇಟ್ಟಳು. ಕೆಂಪು ಅಂಕಿ ಹೊತ್ತಿಕೊಂಡಿತು... ಎಮ್ಮೆಯ ಹಾಲು ಅಂತ ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಕಮ್ಮಿ!

"ನೋಡ್ರೆವಾ, ನಾ ನುಂಗಿದ ಫ್ಯಾಟು ನಮ್ಮ ಎಮ್ಮಿಗೂ ಹತ್ತಿಲ್ಲ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಗಟ್ಟಿ ಬಾಯಿಯ ಹೆಂಗಸು ಮಾತ್ರ ನಗಲಿಲ್ಲ. ಆಕೆಯ ಹಾಲಿಗೆ ಅಕ್ಕ ದಿನಾ ಹೇಳುತ್ತಿದ್ದ ಅಂಕಿಯೇ ಬೋರ್ಡಿನಲ್ಲೂ ಬಂತು. ಕ್ಯಾನು ಎತ್ತಿಕೊಂಡು ಹೊರಟುಬಿಟ್ಟಳು.

ಆಮೇಲೆ ವರ್ಷಗಟ್ಟಲೆ ಆ ಕಡೆ ಹೋಗಲಾಗಲಿಲ್ಲ. ಈಚೆಗೆ ಹೋದಾಗ ಸೆಕ್ರೆಟರಿಯ ಕುರ್ಚಿಯಲ್ಲಿ ಆ ಗಟ್ಟಿ ಬಾಯಿಯ ಹೆಂಗಸೇ ಕೂತಿದ್ದಳು, ಕೂದಲು ಬೆಳ್ಳಗಾಗಿತ್ತು. ಅಕ್ಕ ತೀರಿಕೊಂಡದ್ದು ಆಕೆಯಿಂದಲೇ ತಿಳಿಯಿತು. ಆಕೆ ಹಾಲಿನ ಸಾಲು ಕರಗುವ ತನಕ ಕಾಯ್ದು, ಮೆಲ್ಲಗೆ ಕೇಳಿದಳು:

"ನನ್ನ ಬಗ್ಗೆ ನಿಮ್ಮ ಮುಂದ ಏನಾರ ಅಂದಿದ್ಲೇನ್ರಿ?"

"ಇಲ್ರಿ, ಒಂದು ಮಾತೂ ಅಂದಿರಲಿಲ್ಲ" ಎಂದೆ. ಅದು ನಿಜವೇ.

"ನನಗೂ ಒಂದಿನಾನೂ ಏನೂ ಅನ್ನಲಿಲ್ರಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬೈದಿದ್ರ, ತಪ್ಪಾತು ಅಂತ ನಾನೂ ಅಂತಿದ್ದೆ."